ನಕ್ಷತ್ರ ಪೂರ್ತಿ ಬೆಳಗಿದ ಸಂಜೆ

ಹೋದ ವಾರ ಪೀಣ್ಯದಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಪಕ್ಕದ ಕಾಂಪೌಂಡ್ ಗೋಡೆಗೆ ಒಬ್ಬಾತ ಪೋಸ್ಟರ್ ಅಂಟಿಸುತ್ತಿದ್ದ. ಸೈಕಲ್ಲಿನ ಹ್ಯಾಂಡಲ್ಲಿಗೆ ನೇತುಹಾಕಿದ್ದ ಬಕೆಟ್ಟಿನಲ್ಲಿ ಮೈದಾ ಗೋಂದು. ಅವನು ಬ್ರಷ್ ಅದ್ದಿ ತೆಗೆದಾಗಲೆಲ್ಲ ಆ ವಾಸನೆ ನನ್ನ ಕಡೆಗೆ ಬರುತ್ತಿತ್ತು... ಬೇಯಿಸಿದ ಹಿಟ್ಟಿನ, ಸ್ವಲ್ಪ ಹುಳಿ ಹಿಡಿದ ವಾಸನೆ. ಹುಳ ಬೀಳದಿರಲೆಂದು ಹಾಕಿದ ಮೈಲುತುತ್ತ ಬಕೆಟ್ಟಿನ ಅಂಚಿಗೆ ತೆಳು ನೀಲಿಯಾಗಿ ಮೆತ್ತಿಕೊಂಡಿತ್ತು. ನನ್ನ ಬಸ್ಸು ಬಂತು. ಅದು ಹೊರಟುಹೋದ ಮೇಲೆಯೇ ನಾನು ಹತ್ತಲಿಲ್ಲವೆಂದು ನನಗೆ ಗೊತ್ತಾದದ್ದು.

ಅದೇ ಗೋಂದನ್ನು ಬೇಗೂರಿನ ಒಂದು ಮನೆಯ ಹಿತ್ತಿಲಲ್ಲಿ, ಸೀಮೆಎಣ್ಣೆ ಸ್ಟೌವಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ತಗಡಿನ ಡಬ್ಬದಲ್ಲಿ ಕದಡುತ್ತಿದ್ದವರು ನನ್ನ ಮನೆ ಓನರ್ ಆಂಟಿ. ಬಿದಿರು ಸೀಳಿ ಮಾಡಿದ ನಕ್ಷತ್ರಕ್ಕೆ ಬಣ್ಣದ ಕಾಗದ ಅಂಟಿಸಲು. ಕ್ರಿಸ್ಮಸ್ಸಿಗೆ ಇನ್ನೂ ಒಂದು ತಿಂಗಳಿತ್ತು. ಹೊಸೂರು ರಸ್ತೆಯ ನಡುವೆ ಮೇಲುಸೇತುವೆಯ ಕಂಬಗಳು ಏಳುತ್ತಿದ್ದ ಕಾಲ ಅದು. ಬೊಮ್ಮನಹಳ್ಳಿಯಿಂದ ಬೇಗೂರಿಗೆ ಬರುವಷ್ಟರಲ್ಲಿ ಮೂಗು, ಕಿವಿ, ಜಡೆ ಎಲ್ಲ ಸಿಮೆಂಟಿನ ಧೂಳು. ನಾನು ರಾಣೆಬೆನ್ನೂರಿನ ಕಡೆಯವಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಬೊಮ್ಮನಹಳ್ಳಿಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಮಾಡುವ ಒಂದು ಸಣ್ಣ ಕಾರ್ಖಾನೆಗೆ ಸೇರಿದ್ದೆ. ತಕ್ಕಡಿಯೊಳಗಿನ ಮೈಕ್ರೋಕಂಟ್ರೋಲರ್ ಚಿಪ್ಪಿಗೆ ಪ್ರೋಗ್ರಾಂ ತುಂಬುವುದು, ಕೆಟ್ಟು ವಾಪಸ್ಸು ಬಂದವನ್ನು ಬಿಚ್ಚಿ ನೋಡುವುದು ನನ್ನ ಕೆಲಸ. ಆಂಟಿಯ ಮನೆಯ ತಾರಸಿಯ ಮೇಲಿನ ಒಂಟಿ ಕೋಣೆ ನನ್ನದು.

ಆಂಟಿ ಬಹಳ ವರ್ಷ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದವರು. ಹೊಲಿಗೆ ಮಷೀನುಗಳ ಸದ್ದನ್ನು ಮೀರಿ ಕೂಗಿ ಕೂಗಿ ಅವರ ಗಂಟಲು ಹಾಗೇ ಹದವಾಗಿಬಿಟ್ಟಿತ್ತು. "ಕಾಫಿ ಕುಡಿತೀಯೇನೇ" ಎಂದು ಕೆಳಗಿನಿಂದ ಕೇಳಿದರೆ ಬೀದಿ ಕೊನೆಯ ಮನೆಯವರೂ ಹೂಂ ಅನ್ನಬೇಕು. ನೀನು ನನ್ನ ಮಗಳಿದ್ದ ಹಾಗೆ ಎಂದು ಅವರು ಯಾವತ್ತೂ ಅನ್ನಲಿಲ್ಲ. ನನ್ನನ್ನು ತಮ್ಮ ಲೈನಿನ ಹುಡುಗಿಯ ಹಾಗೆ ನೋಡಿಕೊಂಡರು. ತಲೆ ಒಣಗಿಸದೆ ಹೊರಟರೆ ಬೈಗುಳ, ಊಟ ಬಿಟ್ಟರೆ ಬೈಗುಳ. ಬೈದ ಮೇಲೆ ತಟ್ಟೆ.

ಅಂಕಲ್ ಸೀರಿಯಲ್ ಸೆಟ್ ಕೆಲಸದವರು. ಗಣಪತಿ ಪೆಂಡಾಲು, ಮದುವೆ ಮನೆ, ಚರ್ಚಿನ ಹಬ್ಬ ಎಲ್ಲಕ್ಕೂ ಬಣ್ಣದ ದೀಪ ಕಟ್ಟುತ್ತಿದ್ದರು. ಮರದ ಉರುಳೆಗೆ ತಾಮ್ರದ ಪಟ್ಟಿ ಹೊಡೆದು, ಅದನ್ನು ಮೋಟರಿನಿಂದ ತಿರುಗಿಸಿ, ದೀಪಗಳು ಓಡುವ ಹಾಗೆ ಮಾಡುವುದು ಅವರ ಕೈಚಳಕವಂತೆ. ಪ್ರತಿ ಕ್ರಿಸ್ಮಸ್ಸಿಗೆ ಮನೆ ಮುಂದೆ ಅವರು ಕಟ್ಟುತ್ತಿದ್ದ ಬಾಲದ ನಕ್ಷತ್ರವನ್ನು ನೋಡಲು ಹುಳಿಮಾವಿನಿಂದಲೂ ಜನ ಬರುತ್ತಿದ್ದರಂತೆ. ನಾನು ಆ ಮನೆಗೆ ಬರುವ ಹೊತ್ತಿಗೆ ಅದೆಲ್ಲ ಹಿಂದಿನ ಮಾತಾಗಿತ್ತು. ಸ್ಟ್ರೋಕ್ ಆಗಿ ಅವರ ಬಲಭಾಗ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಆಂಟಿ ಕೆಲಸ ಬಿಟ್ಟು ಮನೆಯಲ್ಲಿದ್ದರು. ಹಾಲಿನ ಕಿಟಕಿಯ ಪಕ್ಕದ ಮಂಚದಲ್ಲಿ ಅಂಕಲ್ ಮಲಗಿರುತ್ತಿದ್ದರು. ಅವರಿಗೆ ಉಳಿದಿದ್ದದ್ದು ಒಂದೇ ಶಬ್ದ. "ಆಯ್ತು."

ನೀರು ಬೇಕಾದರೂ ಆಯ್ತು, ಬೇಡವಾದರೂ ಆಯ್ತು. ನೋವಿಗೂ ಅದೇ, ನಗುವಿಗೂ ಅದೇ. ನಮ್ಮ ಕಡೆ 'ಆತು' ಅನ್ನುತ್ತೇವೆ. ಈ ಊರಿನ 'ಆಯ್ತು' ನನ್ನ ನಾಲಿಗೆಗೆ ಬಂದದ್ದು ಅವರಿಂದಲೇ. ಆಂಟಿಗೆ ಮಾತ್ರ ಆ ಒಂದು ಶಬ್ದದಲ್ಲಿ ಹತ್ತಾರು ಅರ್ಥ ಕೇಳುತ್ತಿತ್ತು. "ಇದು ಕಾಲ್ ನೋಯ್ತಿರೋ ಆಯ್ತು," ಎಂದು ಹೋಗಿ ಕಾಲು ಒತ್ತುತ್ತಿದ್ದರು. ಆದರೆ ಹಿತ್ತಿಲಲ್ಲಿ ಬಟ್ಟೆ ಒಗೆಯುವಾಗ, ಸ್ನಾನಕ್ಕೆ ಹೋದಾಗ ಕಷ್ಟವಾಗುತ್ತಿತ್ತು. ಒಂದು ಸಲ ಅವರು ಕೂಗಿದ್ದು ಕೇಳಿಸದೆ ಹಾಸಿಗೆ ಒದ್ದೆಯಾಗಿ, ಅಂಕಲ್ ಗೋಡೆಯ ಕಡೆ ತಿರುಗಿ ಅತ್ತುಬಿಟ್ಟರು. ಆ ವಾರವೇ ನಾನು ಕಾರ್ಖಾನೆಯ ಗುಜರಿಯಿಂದ ಒಂದು ಬಜರ್ ತಂದು, ಮಂಚಕ್ಕೆ ಗುಂಡಿ ಕಟ್ಟಿ, ಬೆಲ್ ಮಾಡಿಕೊಟ್ಟೆ. ಅದಕ್ಕೆ ಕರೆಂಟು ಕೊಡಲು ಕೆಟ್ಟ ಪ್ರಿಂಟರಿನದೊಂದು ದೊಡ್ಡ ಅಡಾಪ್ಟರ್ ಸಿಕ್ಕಿತ್ತು. ಬೆಲ್ಲಿಗೆ ಅಷ್ಟು ಪವರ್ ಬೇಕಿರಲಿಲ್ಲ, ಆದರೆ ಸಿಕ್ಕಿದ್ದು ಅದೇ. ಅದರ ಕುತ್ತಿಗೆಯ ಹತ್ತಿರ ತಂತಿ ಬಿರಿದಿತ್ತು. ಕೆಂಪು ಟೇಪು ಸುತ್ತಿದೆ. ಅಂದಿನಿಂದ ಅಂಕಲ್ ಆ ಗುಂಡಿಯನ್ನು ಎಡಗೈಯಿಂದ ಬಿಡಲೇ ಇಲ್ಲ. ನಿದ್ದೆಯಲ್ಲೂ ಮುಷ್ಟಿಯಲ್ಲಿ ಹಿಡಿದಿರುತ್ತಿದ್ದರು.

ನಕ್ಷತ್ರ ಮತ್ತೆ ಕಟ್ಟುವ ಯೋಚನೆ ಆಂಟಿಯದು. ಅಟ್ಟದಿಂದ ಹಳೇ ಉರುಳೆ ಇಳಿಸಿದರೆ ತಾಮ್ರ ಹಸಿರುಗಟ್ಟಿತ್ತು, ಮೋಟರಿನೊಳಗೆ ಇಲಿ ಗೂಡು ಕಟ್ಟಿತ್ತು. "ಇದ್ರ ಕತೆ ಮುಗೀತು," ಎಂದು ಅವರು ಸೊಂಟದ ಮೇಲೆ ಕೈಯಿಟ್ಟು ನಿಂತರು. ಉರುಳೆ ಮಾಡುವ ಕೆಲಸವನ್ನು ಒಂದು ಚಿಪ್ಪಿನಿಂದ ಮಾಡಿಸಬಹುದು ಎಂದು ನಾನೇ ಹೇಳಿದೆ. ಹೇಳುವಾಗ ಸ್ವಲ್ಪ ಜಂಬವೂ ಇತ್ತು. ಐದು ಕೊಂಬು, ಒಂದು ಬಾಲ. ಕೊಂಬುಗಳು ಒಂದರ ಹಿಂದೊಂದು ಹೊತ್ತಿಕೊಳ್ಳಬೇಕು, ಐದೂ ಹೊತ್ತಿದ ಮೇಲೆ ನಕ್ಷತ್ರ ಒಂದು ಗಳಿಗೆ ಪೂರ್ತಿ ಬೆಳಗಿ ನಿಲ್ಲಬೇಕು, ಆಮೇಲೆ ಬಾಲದಲ್ಲಿ ಬೆಳಕು ಓಡಬೇಕು. ಅಂಕಲ್ ಮಾಡುತ್ತಿದ್ದದ್ದು ಹಾಗೆಯೇ ಎಂದು ಆಂಟಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದರು.

ನನ್ನ ಹತ್ತಿರ ಕಂಪ್ಯೂಟರ್ ಇರಲಿಲ್ಲ. ಕಾರ್ಖಾನೆಯಲ್ಲಿ ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಕೂತು ಚಿಪ್ಪಿಗೆ ಪ್ರೋಗ್ರಾಂ ತುಂಬಿ, ಅದರ ತಂತಿಗಾಲುಗಳು ಬಾಗದ ಹಾಗೆ ಥರ್ಮಾಕೋಲಿಗೆ ಚುಚ್ಚಿ, ಖಾಲಿ ಊಟದ ಡಬ್ಬಿಯಲ್ಲಿಟ್ಟು ತರುತ್ತಿದ್ದೆ. ಮನೆಗೆ ಬಂದು ತಾರಸಿಯ ಮೇಲಿಟ್ಟ, ನಕ್ಷತ್ರದ ತಂತಿಗಳೆಲ್ಲ ಬಂದು ಸೇರುವ ಸರ್ಕ್ಯೂಟಿನ ಡಬ್ಬಿಗೆ ಕೂರಿಸಿ, ನನ್ನ ಹಳೇ ಮೊಬೈಲಿನ ಚಾರ್ಜರಿನಿಂದ ಕರೆಂಟು ಕೊಟ್ಟು ನೋಡುವುದು. ಸರಿ ಬರದಿದ್ದರೆ ಮರುದಿನ ಮತ್ತೆ ಊಟದ ಡಬ್ಬಿಯಲ್ಲಿ ಕಾರ್ಖಾನೆಗೆ. ಮೊದಲ ಸಲ ಕೊಂಬುಗಳು ಹಿಂದುಮುಂದಾಗಿ ಹೊತ್ತಿದವು. ಅದು ನಾನು ತಂತಿ ತಿರುವುಮುರುವು ಹಾಕಿದ್ದರಿಂದ, ಬೇಗ ಸರಿಹೋಯಿತು. ಅದಾದ ಮೇಲೆ ಹೊಸ ಕಾಟ ಶುರುವಾಯಿತು. ನಾಲ್ಕು ಕೊಂಬು ಚೆನ್ನಾಗಿ ಹೊತ್ತಿಕೊಳ್ಳುವುದು. ಐದನೆಯದು ಹೊತ್ತಬೇಕೆನ್ನುವಷ್ಟರಲ್ಲಿ ಎಲ್ಲವೂ ಒಮ್ಮೆ ಮಿಣುಕಿ ಆರಿ, ಮತ್ತೆ ಮೊದಲ ಕೊಂಬಿನಿಂದ ಆರಂಭ. ನಕ್ಷತ್ರ ಪೂರ್ತಿಯಾಗುತ್ತಲೇ ಇರಲಿಲ್ಲ.

ದಿನಾ ಸಂಜೆ ಇದೇ ಆಯಿತು. ಅಂಗಳದ ನುಗ್ಗೆಮರಕ್ಕೆ ಕಟ್ಟಿದ ಗಳುವಿನ ಮೇಲೆ ನಕ್ಷತ್ರ. ಕಿಟಕಿಯಿಂದ ಅದನ್ನು ನೋಡುತ್ತಾ ಮಂಚದ ಮೇಲೆ ಅಂಕಲ್. ತಾರಸಿಯ ಮೋಟುಗೋಡೆಗೆ ಒರಗಿ ನಾನು, ಆಂಟಿ. ಮಿಣುಕಿ ಆರಿದಾಗಲೆಲ್ಲ ಕೆಳಗಿನಿಂದ ಅಂಕಲ್ ಅರ್ಧ ಬಾಯಲ್ಲಿ ನಗುವುದು ಕೇಳಿಸುತ್ತಿತ್ತು. "ನಗ್ರಿ ನಗ್ರಿ, ನಿಮ್ ಉರುಳೆನೂ ಅಂಗೇ ಮಾಡ್ತಿತ್ತು," ಎಂದು ಆಂಟಿ ಇಲ್ಲಿಂದಲೇ ಗದರುತ್ತಿದ್ದರು.

ತಪ್ಪು ಹುಡುಕುವುದರಲ್ಲಿ ಆಂಟಿಗೆ ಅವರದೇ ದಾರಿ. ಲೈನಿನಲ್ಲಿ ಷರ್ಟು ಕೆಟ್ಟು ಬಂದರೆ ಕೊನೆಯ ಮಷೀನಿನಿಂದ ಹಿಂದಕ್ಕೆ ಒಂದೊಂದೇ ನೋಡುತ್ತಾ ಬರುತ್ತಿದ್ದರಂತೆ. "ಒಂದೊಂದೇ ಕೊಂಬು ಬಿಚ್ಚಣ," ಎಂದರು. ಬಿಚ್ಚಿದೆವು. ಯಾವುದೇ ಒಂದನ್ನು ಬಿಚ್ಚಿದರೂ ಉಳಿದ ನಾಲ್ಕು ನೆಟ್ಟಗೆ ಓಡುತ್ತಿದ್ದವು. ಅಂದರೆ ಯಾವ ಕೊಂಬಿನಲ್ಲೂ ದೋಷವಿಲ್ಲ. ಹಾಗಾದರೆ ದೋಷ ನನ್ನ ಬರವಣಿಗೆಯಲ್ಲೇ ಇರಬೇಕೆಂದು ನಾನು ಪ್ರೋಗ್ರಾಮನ್ನೇ ಹಿಡಿದುಕೊಂಡೆ. ಐದನೇ ಕೊಂಬಿನ ಸಾಲನ್ನು ಅಳಿಸಿ ಬರೆದೆ, ನಡುವಿನ ತಡೆಯನ್ನು ಹೆಚ್ಚಿಸಿದೆ, ಕಡಿಮೆ ಮಾಡಿದೆ. ಕಾರ್ಖಾನೆಯ ಮೇಜಿನ ಮೇಲೆ ಅಷ್ಟೇ ದೀಪ ಹಾಕಿ ನೋಡಿದರೆ ಎಲ್ಲ ಸರಿ. ಮನೆಗೆ ತಂದರೆ ಅದೇ ರಗಳೆ. ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು. ಆದರೂ ಸಂಜೆಯಾದರೆ ಮನೆಗೆ ಓಡಿಬರುವಂತೆ ಮಾಡುತ್ತಿದ್ದದ್ದು ಅದೇ. ಆ ಊರಿಗೆ ಬಂದ ಮೇಲೆ ನನಗಾಗಿ ಯಾರೋ ಕಾಯುತ್ತಿದ್ದಾರೆ ಅನ್ನಿಸಿದ್ದು ಆ ದಿನಗಳಲ್ಲಿ.

ಕ್ರಿಸ್ಮಸ್ಸಿನ ಹಿಂದಿನ ಸಂಜೆ ಕಾರ್ಖಾನೆಯಿಂದ ಬೇಗ ಬಿಟ್ಟಿದ್ದರು. ಚರ್ಚಿನ ಲೌಡ್‌ಸ್ಪೀಕರಿನಲ್ಲಿ ಹಾಡಿನ ತಾಲೀಮು ಶುರುವಾಗಿತ್ತು. ಆಂಟಿ ಗೋದಲಿಗೆ ಹುಲ್ಲು ಹಾಸಿ, ಕುರಿ ಒಂಟೆಗಳನ್ನೆಲ್ಲ ಜೋಡಿಸಿ, ಅಂಕಲ್‌ಗೆ ಗಂಜಿ ಕುಡಿಸಿ ಮೇಲೆ ಬಂದರು. ನಕ್ಷತ್ರ ನಾಲ್ಕು ಕೊಂಬಿಗೆ ಬಂದು ಮಿಣುಕಿ ಆರುತ್ತಿತ್ತು. ನೋಡುತ್ತಾ ನೋಡುತ್ತಾ ನನಗೆ ತಟ್ಟನೆ ಹೊಳೆಯಿತು. ಕಾರ್ಖಾನೆಯಲ್ಲಿ ಸರಿ, ಮನೆಯಲ್ಲಿ ಇಲ್ಲ. ಎರಡು ಕಡೆಯೂ ಚಿಪ್ಪು ಅದೇ, ಬರವಣಿಗೆ ಅದೇ. ಬೇರೆಯಿದ್ದದ್ದು ಕರೆಂಟು ಕೊಡುವ ಚಾರ್ಜರ್ ಒಂದೇ. ಐದೂ ಕೊಂಬು ಒಟ್ಟಿಗೆ ಎಳೆದಾಗ ಆ ಬಡಪಾಯಿ ಚಾರ್ಜರಿಗೆ ತಾಳಲಾಗದೆ, ಚಿಪ್ಪಿಗೆ ತಲೆಸುತ್ತು ಬಂದಂತಾಗಿ, ಎಚ್ಚರಾದ ಮೇಲೆ ಮತ್ತೆ ಒಂದರಿಂದ ಎಣಿಸುತ್ತಿತ್ತು. ಅಷ್ಟು ದಿನ ತಪ್ಪಿಲ್ಲದ ಕಡೆ ತಪ್ಪು ಹುಡುಕಿದ್ದೆ.

"ಆಂಟಿ, ಪವರ್ ಸಾಲವಲ್ದು, ಅಷ್ಟೇರಿ. ದೊಡ್ಡ ಅಡಾಪ್ಟರ್ ಬೇಕು. ಬೊಮ್ಮನಹಳ್ಳಿಗೆ ಹೋಗಿ ತರ್ತೀನಿ," ಎಂದೆ.

"ಈ ಟ್ರಾಫಿಕ್ಕಲ್ಲಿ ಓಗಿ ಬರೋವೊತ್ಗೆ ಚರ್ಚಲ್ಲಿ ಪೂಜೆನೇ ಮುಗ್ದಿರ್ತದೆ. ತಡಿ," ಎಂದು ಆಂಟಿ ದಡದಡನೆ ಮೆಟ್ಟಿಲಿಳಿದು ಹೋದರು. ಮೇಲೆ ಬಂದಾಗ ಕೈಯಲ್ಲೊಂದು ಅಡಾಪ್ಟರ್. "ಐದೇ ನಿಮಿಷ ಆಕಿ ನೋಡು. ಅವ್ರು ಮಲಗವ್ರೆ."

ಅದರ ಕುತ್ತಿಗೆಗೆ ಕೆಂಪು ಟೇಪು ಸುತ್ತಿತ್ತು. ಅದು ಎಲ್ಲಿಯದೆಂದು ನನಗೆ ಗೊತ್ತಾಯಿತು. ಗೊತ್ತಾದದ್ದು ಆಂಟಿಗೂ ಗೊತ್ತಾಯಿತು. ಐದೇ ನಿಮಿಷ ತಾನೆ... ಎಂದುಕೊಂಡು ನಾನೇ ಪ್ಲಗ್ಗಿಗೆ ಚುಚ್ಚಿದೆ.

ಒಂದು ಕೊಂಬು. ಎರಡು. ಮೂರು. ನಾಲ್ಕು. ಆಂಟಿ ನನ್ನ ರಟ್ಟೆ ಹಿಡಿದುಕೊಂಡರು. ಐದನೆಯದೂ ಹೊತ್ತಿಕೊಂಡು ನಕ್ಷತ್ರ ಪೂರ್ತಿ ಬೆಳಗಿ ನಿಂತಿತು. ನುಗ್ಗೆ ಎಲೆಗಳೆಲ್ಲ ಕೆಂಪು, ಹಳದಿ. ಆಮೇಲೆ ಬಾಲದುದ್ದಕ್ಕೂ ಬೆಳಕು ಸುಳಿದು ಹೋಯಿತು. ಮತ್ತೆ ಮೊದಲಿಂದ, ಮತ್ತೆ ಪೂರ್ತಿ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಆಗ ಕೆಳಗಿನ ಕಿಟಕಿಯಿಂದ ಅಂಕಲ್ ದನಿ ಕೇಳಿಸಿತು. "ಆಯ್ತು... ಆಯ್ತು..."

ಆಂಟಿ ಮೋಟುಗೋಡೆಯ ಮೇಲೆ ಬಾಗಿ, ತಮ್ಮ ಗಾರ್ಮೆಂಟ್ಸ್ ಗಂಟಲಿನಲ್ಲಿ, "ಊಂ ಕಣ್ರೀ, ಆಯ್ತು. ನೋಡ್ರಿ, ಆಯ್ತು," ಎಂದು ಕೂಗಿದರು. ಅವರ ಕಣ್ಣಲ್ಲಿ ನೀರಿತ್ತು. ನಾನು ನಗುತ್ತಿದ್ದೆ. ಕೆಳಗಿನಿಂದ ಇನ್ನೂ ಒಂದೆರಡು ಸಲ ಆ ಮಾತು ಬಂತು. ಆಮೇಲೆ ಚರ್ಚಿನ ಹಾಡು ಜೋರಾಯಿತು. ಬೆಳಕಿನ ವೇಗ ಹೆಚ್ಚು ಕಡಿಮೆ ಮಾಡಲು ನಾನೊಂದು ಪುಟ್ಟ ತಿರುಗಣೆ ಇಟ್ಟಿದ್ದೆ. ಆಂಟಿ ಅದನ್ನು ತಾವೇ ತಿರುಗಿಸಿ, ನಕ್ಷತ್ರವನ್ನು ಓಡಿಸಿದರು, ನಡೆಸಿದರು, ಮತ್ತೆ ಓಡಿಸಿದರು. ಐದು ನಿಮಿಷ ಯಾವಾಗ ಮುಗಿಯಿತೋ ಇಬ್ಬರೂ ನೋಡಲಿಲ್ಲ. ನಾವು ಅಷ್ಟು ಸಂತೋಷವಾಗಿದ್ದ ಸಂಜೆ ಅದಕ್ಕೆ ಮುಂಚೆ ಇರಲಿಲ್ಲ.

"ಎಂಗದೆ ಅಂತ ಕೇಳ್ಕಂಡ್ ಬತ್ತೀನಿ ಇರು," ಎಂದು ಆಂಟಿ ಕೆಳಗೆ ಹೋದರು. ಅವರ ದನಿ ಮೇಲೆ ಕೇಳಬೇಕಿತ್ತು. ಕೇಳಲಿಲ್ಲ. ಸ್ವಲ್ಪ ಹೊತ್ತು ಕಾದು ನಾನೂ ಇಳಿದೆ.

ಅಂಕಲ್ ಮಂಚಕ್ಕೂ ಗೋಡೆಗೂ ನಡುವೆ ನೆಲದ ಮೇಲೆ ಬಿದ್ದಿದ್ದರು. ಆಂಟಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಂಕಲ್ ಕಾಲು ನೋಡಲಾಗದ ಹಾಗೆ ಹೊರಳಿತ್ತು. ಕಣ್ಣುಗಳು ತೆರೆದೇ ಇದ್ದವು. ಎಡಗೈ ಮುಷ್ಟಿಯಲ್ಲಿ ಬೆಲ್ಲಿನ ಗುಂಡಿ... ಅದು ಯಾವಾಗಲೂ ಅಲ್ಲಿಯೇ ಇರುತ್ತಿತ್ತು ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ.

ಆಂಟಿ ತಲೆಯೆತ್ತಿ ನನ್ನನ್ನು ನೋಡಿದರು. ನಾನು ಕೇಳಿದ ಅವರ ಮಾತುಗಳಲ್ಲೆಲ್ಲ ಮೆಲ್ಲಗೆ ಆಡಿದ ಮಾತು ಅದೊಂದೇ. "ಮೇಲಿಂದ ಅದನ್ನ ತಗಂಬಾ."

ಹೋದೆ. ಕಿತ್ತೆ. ನಕ್ಷತ್ರ ಆರಿತು. ಕೆಳಗೆ ಬಂದು ಅಡಾಪ್ಟರನ್ನು ಅದರ ಜಾಗಕ್ಕೆ ಚುಚ್ಚಿದೆ. ಅಷ್ಟಾದ ಮೇಲೆಯೇ ಪಕ್ಕದ ಬೀದಿಗೆ ಓಡಿ ಅಂಕಲ್ ತಮ್ಮನನ್ನು ಕರೆತಂದದ್ದು. ಮೊದಲು ಓಡಬೇಕಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದೇ ನನ್ನ ಕಸುಬು. ಚಿಪ್ಪಿಗೆ ನಾನು ಬರೆಯುತ್ತಿದ್ದದ್ದು ಅದನ್ನೇ.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಅಂಕಲ್ ತಮ್ಮ, ಅವರ ಹೆಂಡತಿ, ಆಂಟಿ, ನಾನು ಕೂತಿದ್ದೆವು. "ಬೆಲ್ ಇತ್ತಲ್ಲ ಅತ್ತಿಗೆ, ಒತ್ಲಿಲ್ವಾ?" ಎಂದು ಅಂಕಲ್ ತಮ್ಮ ಕೇಳಿದರು. ಆರೋಪವೇನೂ ಇರಲಿಲ್ಲ, ಕೇಳಿದರು ಅಷ್ಟೆ. ಆಂಟಿ ನೆಲ ನೋಡುತ್ತಾ ಹೇಳಿದರು. "ಒಂದೊಂದ್ಸಲ ಕೂಗಾಕಿಲ್ಲ ಅದು."

ಅವರ ಹೆಂಡತಿ ನನ್ನ ಕಡೆ ತಿರುಗಿದರು. "ಸರ್ಯಾಗ್ ಬರಲ್ಲ ಅಂದ್ರೆ ಯಾಕಮ್ಮ ಮಾಡ್ಕೊಡ್ಬೇಕಿತ್ತು?"

ನಾವು ಪ್ಲಗ್ ಕೀಳುವವರೆಗೆ ಆ ಬೆಲ್ಲು ಒಂದು ದಿನವೂ ಕೂಗದೆ ಇದ್ದದ್ದಿಲ್ಲ. ನಾನು ಸುಮ್ಮನೆ ಕೂತೆ. ಆಂಟಿಯನ್ನು ಕಾಪಾಡಲು ಸುಮ್ಮನಿದ್ದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ. ಬೆಲ್ಲು ಸರಿಯಿತ್ತು ಎಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು. ಅದಕ್ಕಿಂತ ಬೆಲ್ ಮಾಡಲು ಬಾರದವಳು ಅನ್ನಿಸಿಕೊಳ್ಳುವುದೇ ನನಗೆ ಹಗುರವಾಗಿ ಕಂಡಿರಬೇಕು.

ಆಪರೇಷನ್ ಆಯಿತು. ಆದರೆ ಎದೆಯಲ್ಲಿ ಕಫ ಕಟ್ಟಿತು. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗುವ ಮೊದಲೇ ಅಂಕಲ್ ಹೋದರು. ಮನೆಗೆ ವಾಪಸ್ಸು ಬರಲೇ ಇಲ್ಲ. ಅಲ್ಲಿಯವರೆಗೂ, ಆಮೇಲೂ, ಆಂಟಿ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಒದ್ದೆ ತಲೆಯಲ್ಲಿ ಹೊರಟರೂ ಬೈಯಲಿಲ್ಲ. ಅವರು ಮೆಟ್ಟಿಲು ಹತ್ತಿ ಬರುವುದನ್ನೇ ಬಿಟ್ಟರು. ಆಸ್ಪತ್ರೆಗೆ ಹೋಗುವ ಮೊದಲು ಮೆಟ್ಟಿಲ ಮೇಲೆ ತಟ್ಟೆ ಮುಚ್ಚಿಟ್ಟು ಹೋಗಿರುತ್ತಿದ್ದರು. ನಾನು ಇಳಿಯುವ ಸಪ್ಪಳ ಕೇಳಿದರೆ ಅವರು ಹಿತ್ತಿಲಿಗೆ ಹೋಗುತ್ತಿದ್ದರು. ಅವರು ಹಿತ್ತಿಲಿಗೆ ಹೋಗುವುದನ್ನೇ ನೋಡಿಕೊಂಡು ನಾನು ಇಳಿಯುತ್ತಿದ್ದೆ. ತಟ್ಟೆಯಲ್ಲಿ ಮೊದಲಿಗಿಂತ ಹೆಚ್ಚು ಊಟ ಇರುತ್ತಿತ್ತು. ನನ್ನ ಮೇಲೆ ಹಾಕಿದ ಸುಳ್ಳಿಗೆ ಅವರು ಅನ್ನ ಬಡಿಸುತ್ತಿದ್ದಾರೆ ಅನ್ನಿಸುತ್ತಿತ್ತು. ನುಂಗಲು ಆಗುತ್ತಿರಲಿಲ್ಲ. ಎಷ್ಟೋ ದಿನ ಹಿಂದಿನ ಓಣಿಯ ನಾಯಿಗೆ ಹಾಕಿ, ತಟ್ಟೆ ತೊಳೆದಿಟ್ಟಿದ್ದೇನೆ.

ಪೀಣ್ಯದಲ್ಲಿ ಒಂದು ಕೆಲಸ ಸಿಕ್ಕಿತು. ಸಿಕ್ಕಿತು ಅನ್ನುವುದಕ್ಕಿಂತ ಹುಡುಕಿಕೊಂಡೆ. ಊರಿನ ಇನ್ನೊಂದು ತುದಿ. ರೂಮು ಬಿಡಲು ಅಷ್ಟು ಕಾರಣ ಸಾಕಾಗಿತ್ತು. ಸಾಮಾನು ಆಟೋಗೆ ಹಾಕಿ ಬೀಗದ ಕೈ ಕೊಡಲು ಹೋದಾಗ ಆಂಟಿ ಖಾಲಿ ಮಂಚದ ಮೇಲೆ ಕೂತಿದ್ದರು. ಬೀಗದ ಕೈ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡು ಕೇಳಿದರು.

"ಅವತ್ತು ಅವ್ರು ಕೂಗಿದ್ದು... ನಿಂಗೆ ಎಂಗ್ ಕೇಳುಸ್ತು?"

ಒಂದೇ ಶಬ್ದದಲ್ಲಿ ಹತ್ತಾರು ಅರ್ಥ ಕೇಳಿಸಿಕೊಳ್ಳುತ್ತಿದ್ದವರು ನನ್ನನ್ನು ಕೇಳುತ್ತಿದ್ದರು.

"ಖುಷಿಯಿಂದ ಅಂದಂಗೆ ಕೇಳಿಸ್ತು ಆಂಟಿ," ಎಂದೆ.

ಅವರು ತಲೆಯಾಡಿಸಿದರು. "ನಂಗೂ ಅಂಗೇ ಕೇಳುಸ್ತು."

ಇಬ್ಬರಿಗೂ ಆ ಸಂಜೆ ನಿಜವಾಗಿಯೂ ಹಾಗೆಯೇ ಕೇಳಿಸಿತ್ತು. ಆದರೆ ಅಂಕಲ್ ಹಾಗೆ ಅಂದಿದ್ದರೋ ಇಲ್ಲವೋ... ಕಿಟಕಿಯ ಕಡೆಗೆ ಇನ್ನಷ್ಟು ಹೊರಳಿ ನೋಡಲು ಹೋಗಿ ಬಿದ್ದರೋ, ಬಿದ್ದ ಮೇಲೆ ಕೂಗಿದರೋ. ಆಟೋದವನು ಹಾರ್ನ್ ಹೊಡೆದ. ನಾನು ಬಂದುಬಿಟ್ಟೆ.

ಮುಂದಿನ ಡಿಸೆಂಬರಿನಲ್ಲಿ ಅವರ ಫೋನ್ ಬಂತು. "ಸ್ಟಾರು ಕಟ್ಟಿವ್ನಿ ಕಣೇ. ಡಬ್ಬಿ ಯಾಕೋ ಮತ್ತೆ ಅಂಗೇ ಮಿಣಕ್ ಮಿಣಕ್ ಅಂತದೆ. ಬಂದು ಒಂಚೂರು ನೋಡ್ತೀಯಾ?"

ಗಡಿಬಿಡಿಯಲ್ಲಿ ಬಾಯಿಗೆ ಬಂದದ್ದು ಇದು. "ಅದು ಪವರ್ ಸಾಲ್ತಿಲ್ಲ ಅಷ್ಟೇ ಆಂಟಿ. ಅಂಗಡೀಲಿ ದೊಡ್ಡ ಅಡಾಪ್ಟರ್ ಕೇಳಿ, ಕೊಡ್ತಾರೆ. ನಂಗೆ ಈ ವಾರ ಶಿಫ್ಟ್ ಐತ್ರಿ."

"ಸರಿ ಬುಡಮ್ಮ," ಎಂದು ಇಟ್ಟರು. ಅಮ್ಮ ಎಂದದ್ದು ಅದೇ ಮೊದಲು. ಯಾವಾಗಲೂ 'ಕಣೇ' ಅನ್ನುತ್ತಿದ್ದವರು. ಫೋನ್ ಇಟ್ಟ ಮೇಲೆ ನನಗೆ ಅರ್ಥವಾಯಿತು. ಡಬ್ಬಿಗೆ ಏನಾಗಿದೆಯೆಂದು ಅವರಿಗೆ ನನ್ನಷ್ಟೇ ಗೊತ್ತಿತ್ತು. ನಾವಿಬ್ಬರೂ ಸೇರಿಯೇ ಅದನ್ನು ಕಂಡುಹಿಡಿದದ್ದು. ಅವರು ಕರೆದದ್ದು ಡಬ್ಬಿ ನೋಡಲು ಅಲ್ಲ. ಅರ್ಥವಾದ ಮೇಲೂ ಹೋಗಲಿಲ್ಲ. ನಾಳೆ ಹೋದರಾಯಿತು, ಹಬ್ಬ ಕಳೆದ ಮೇಲೆ ಹೋದರಾಯಿತು ಎಂದು... ಆಮೇಲೆ ಮದುವೆ, ಮಗು, ಬದಲಾದ ಫೋನು. ಕಾರಣಗಳಿಗೇನು ಬರ.

ಪೋಸ್ಟರಿನವನನ್ನು ನೋಡಿದ ವಾರದ ಭಾನುವಾರವೇ ಹೊರಟೆ. ಬೇಗೂರಿನಲ್ಲಿ ನನಗೆ ಗುರುತು ಸಿಕ್ಕಿದ್ದು ಹಳೇ ದೇವಸ್ಥಾನ, ಕೆರೆ ಅಷ್ಟೆ. ಆ ಮನೆಯಿದ್ದ ಜಾಗದಲ್ಲಿ ನಾಲ್ಕಂತಸ್ತಿನ ಬಿಲ್ಡಿಂಗು, ಕೆಳಗೆ ಮೆಡಿಕಲ್ ಶಾಪು. ಪಕ್ಕದ ಬೀದಿಯಲ್ಲಿ ಅಂಕಲ್ ತಮ್ಮ ಇನ್ನೂ ಇದ್ದರು. ಪೂರ್ತಿ ನರೆತಿದ್ದರು. ನಾನು ಯಾರೆಂದು ಹೇಳಿದ ತಕ್ಷಣ ಎದ್ದು ನಿಂತು, ಒಳಗೆ ಕರೆದು, ಫ್ಯಾನ್ ಹಾಕಿದರು.

"ಅತ್ತಿಗೆ ಓಗಿ ಎರಡು ವರ್ಷ ಆಯ್ತಲ್ಲಮ್ಮ," ಎಂದರು.

ದಾರಿಯುದ್ದಕ್ಕೂ ಆಂಟಿಗೆ ಏನು ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದೆ.

"ನಿನ್ನ ಎಲ್ಲಾದ್ರೂ ಕಂಡ್ರೆ ಒಂದ್ ಮಾತು ಏಳ್ಬೇಕು ಅಂತಿದ್ದೆ," ಎಂದು ಅವರೇ ಮುಂದುವರಿಸಿದರು. "ಉಷಾರಿಲ್ದೆ ಮಲಗ್ದಾಗ ಅತ್ತಿಗೆ ನಮ್ಮನ್ನೆಲ್ಲ ಕರೆದು ಏಳುದ್ರು. ಆ ಉಡ್ಗಿ ಮಾಡ್ಕೊಟ್ಟ ಬೆಲ್ಲು ಸರ್ಯಾಗೇ ಇತ್ತು, ಸ್ಟಾರಿಗೆ ಆಕಾಕೆ ಅಂತ ನಾನೇ ಅದ್ರ ಪ್ಲಗ್ ಕಿತ್ತಿದ್ದೆ, ಅವ್ಳಿಗೇನೂ ಗೊತ್ತಿರ್ಲಿಲ್ಲ ಅಂತ. ನಾವು ನಿನ್ನ ಏನೇನೋ ಅಂದ್ಕಂಡಿದ್ವಿ. ಮನ್ಸಲ್ಲಿ ಇಟ್ಕಬೇಡಮ್ಮ."

ಅವ್ಳಿಗೇನೂ ಗೊತ್ತಿರ್ಲಿಲ್ಲ. ಸಾಯುವ ಮುಂಚೆ ನಿಜ ಹೇಳಲು ಕೂತವರು ನನಗಾಗಿ ಅದರಲ್ಲೊಂದು ಸುಳ್ಳು ಉಳಿಸಿಕೊಂಡಿದ್ದರು.

"ನಂಗೆ ಗೊತ್ತಿತ್ತು," ಎಂದೆ. "ಅವ್ರು ತಂದ್ಕೊಟ್ರು. ಗೊತ್ತಿದ್ದೂ ಚುಚ್ಚಿದ್ದು ನಾನೇರಿ. ಮತ್ತೆ ವಾಪಸ್ ಇಟ್ಟಿದ್ದೂ ನಾನೇ, ನಿಮ್ಮನ್ನ ಕರಿಯೋಕ್ ಬರೋ ಮೊದ್ಲು."

ಅವರ ಹೆಂಡತಿ ಕಾಫಿ ತಂದು ಬಾಗಿಲಲ್ಲೇ ನಿಂತಿದ್ದರು. ಆ ಮುಖದಲ್ಲಿ ಆಸ್ಪತ್ರೆಯ ಕಾರಿಡಾರಿನ ಸಿಟ್ಟು ಇರಬಹುದೆಂದು ನೋಡಿದೆ, ಇರಲಿಲ್ಲ. ಅವರು ಲೋಟವನ್ನು ನನ್ನ ಕೈಗೇ ಕೊಟ್ಟು, ಬಿಸಿಯಿದೆ ಎಂದರು.

"ಇಬ್ರೂ ಒಬ್ರಿಗೊಬ್ರು ಏಳ್ಕಂಡಿದ್ರೆ ಆಗ್ತಿತ್ತಲ್ಲಮ್ಮ," ಎಂದರು ಅಂಕಲ್ ತಮ್ಮ ಕೊನೆಗೆ. "ಅತ್ತಿಗೆ ಕೊನೆಕೊನೆಗೆ ಯಾರ್ ಜೊತೆನೂ ಮಾತಾಡ್ತಿರ್ಲಿಲ್ಲ."

ಬೀದಿಯನ್ನೆಲ್ಲ ತುಂಬುತ್ತಿದ್ದ ಆ ಗಂಟಲು ಮಾತಾಡದೆ ಇದ್ದದ್ದನ್ನು ನನಗೆ ಊಹಿಸಿಕೊಳ್ಳಲು ಆಗಲಿಲ್ಲ. ಈಗಲೂ ಆಗುತ್ತಿಲ್ಲ. ವಾಪಸ್ಸು ಬರುವಾಗ ಮೆಡಿಕಲ್ ಶಾಪಿನ ಮುಂದೆ ಸ್ವಲ್ಪ ಹೊತ್ತು ನಿಂತೆ. ಅಂಗಡಿಯವನು "ಏನ್ ಬೇಕು ಮೇಡಂ?" ಎಂದು ಕೇಳಿದ. ಏನೂ ಇಲ್ಲ ಎಂದೆ. ಎಷ್ಟೋ ತಿಂಗಳು ನಾವಿಬ್ಬರೂ ಒಂದೇ ಸೂರಿನಡಿ, ಅವರು ಕೆಳಗೆ ನಾನು ಮೇಲೆ, ಒಬ್ಬರ ಸಪ್ಪಳ ಇನ್ನೊಬ್ಬರು ಕೇಳಿಸಿಕೊಳ್ಳುತ್ತಾ ಕೂತಿದ್ದೆವು. ನಡುವೆ ಇದ್ದದ್ದು ಒಂದು ಮೆಟ್ಟಿಲ ಸಾಲು. ಅವರು ಹತ್ತಿ ಬರಲಿ ಎಂದು ನಾನು ಕಾದೆ, ನಾನು ಇಳಿದು ಬರಲಿ ಎಂದು ಅವರು ಕಾದಿರಬೇಕು. ಕೊನೆಗೆ ಫೋನ್ ಮಾಡಿ ಕರೆದವರೂ ಅವರೇ.

ನಾನು ಹೋದೆ. ಹೋಗುವ ಹೊತ್ತಿಗೆ ಹೇಳಿಸಿಕೊಳ್ಳುವವರು ಇರಲಿಲ್ಲ.